ಮಂದಗತಿ, ಮಾಂತ್ರಿಕತೆ ಮತ್ತು ಓದುಗನ ಅಸಹನೆ: ಫ್ಯಾಂಟಸಿ ಮಹಾಮಾಲಿಕೆಗಳನ್ನು ಕುರಿತು ಕೆಲವು ವಿಚಾರಗಳು

ಅಮೆರಿಕದ ಕಾದಂಬರಿಕಾರ ರಾಬರ್ಟ್ ಜೋರ್ಡನ್‌ನ ‘ದಿ ವೀಲ್ ಆಫ್ ಟೈಮ್’ ಮಾಲಿಕೆಯ ಒಂಬತ್ತನೆಯ ಸಂಪುಟ ‘ವಿಂಟರ್ಸ್ ಹಾರ್ಟ್’ 2000ದಲ್ಲಿ ಪ್ರಕಟವಾಯಿತು. ಆ ಕಥಾಲೋಕದಲ್ಲಿ ವಿಶ್ವವನ್ನು ನಡೆಸುವ ಶಕ್ತಿಗೆ ಸ್ತ್ರೀ ಮತ್ತು ಪುರುಷ ಎಂಬ ಎರಡು ಅರ್ಧಗಳಿವೆ. ಪುರುಷಭಾಗಕ್ಕೆ ಸಾವಿರಾರು ವರ್ಷಗಳ ಹಿಂದೆ ಕಳಂಕ ತಗುಲಿದೆ. ಅದನ್ನು ಬಳಸುವ ಗಂಡಸರೆಲ್ಲ ಕ್ರಮೇಣ ಹುಚ್ಚರಾಗುತ್ತಾರೆ. ಒಂಬತ್ತನೆಯ ಸಂಪುಟದ ಕೊನೆಯಲ್ಲಿ ಕಥಾನಾಯಕ ರ್‍ಯಾಂಡ್ ಆ ಕಳಂಕವನ್ನು ತೊಳೆಯುತ್ತಾನೆ. ಹತ್ತು ವರ್ಷಗಳಿಂದ ಓದಿಕೊಂಡು ಬಂದವರಿಗೆ ಇದು ಮಾಲಿಕೆಯಲ್ಲೇ ಅತ್ಯಂತ ದೊಡ್ಡ ತಿರುವು. ಮುಂದೇನು ಎಂಬ ಕುತೂಹಲದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದ ಓದುಗರ ಕೈಗೆ 2003ರ ಜನವರಿಯಲ್ಲಿ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಎಂಬ ಹತ್ತನೆಯ ಸಂಪುಟ ಬಂದಿತು. ಆರುನೂರಕ್ಕೂ ಹೆಚ್ಚು ಪುಟಗಳ ಈ ಗ್ರಂಥದ ಬಹುಭಾಗದಲ್ಲಿ ನಡೆಯುವುದಿಷ್ಟೆ: ಬೇರೆ ಬೇರೆ ಊರುಗಳಲ್ಲಿರುವ ಬೇರೆ ಬೇರೆ ಪಾತ್ರಗಳು, ಹಿಂದಿನ ಸಂಪುಟದ ಆ ಮಹಾಘಟನೆಯನ್ನು ದೂರದಿಂದ ಗ್ರಹಿಸಿ, ಅದೇನೆಂದು ತಿಳಿಯದೆ ತಮ್ಮ ತಮ್ಮ ಕೆಲಸದಲ್ಲಿ ತೊಡಗುತ್ತವೆ. ಕಥೆ ಮುಂದಕ್ಕೆ ಹೋಗುವುದಿಲ್ಲ, ಪಕ್ಕಕ್ಕೆ ಹರಡುತ್ತದೆ. ಪುಸ್ತಕ ಮಾರಾಟದ ಪಟ್ಟಿಯ ತುದಿಗೇರಿತು; ಆದರೆ ಕೊಂಡವರಲ್ಲಿ ಅನೇಕರು ಸಿಟ್ಟಾದರು. ಇಂದಿಗೂ ಫ್ಯಾಂಟಸಿ ಓದುಗರ ನಡುವೆ ಮಂದಗತಿಯ ಮಾತು ಬಂದಾಗ ಮೊದಲು ಉದಾಹರಿಸಲ್ಪಡುವ ಕೃತಿ ಇದೇ ಆಗಿದೆ.

ಈ ಸಿಟ್ಟನ್ನು ಜನಪ್ರಿಯ ಸಾಹಿತ್ಯದ ಓದುಗರ ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ನಮ್ಮ ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿ ನಡೆಯುವುದೂ ಹಾಗೆಯೇ. ಫ್ಯಾಂಟಸಿ ಎಂಬುದೇ ಚರ್ಚೆಗೆ ಅರ್ಹವಲ್ಲದ್ದು, ಅದರ ಓದುಗನ ದೂರು ಇನ್ನೂ ಅನರ್ಹವಾದದ್ದು ಎಂಬ ಭಾವನೆ ಇದೆ. ಆದರೆ ಹತ್ತು ಸಾವಿರ ಪುಟಗಳನ್ನು ಸ್ವಂತ ಇಚ್ಛೆಯಿಂದ, ಯಾವ ಪರೀಕ್ಷೆಯ ಒತ್ತಾಯವೂ ಇಲ್ಲದೆ ಓದಿದವನೊಬ್ಬ ‘ಇಲ್ಲಿ ಕಥೆ ನಿಂತಿತು’ ಎಂದು ಹೇಳಿದರೆ ಅದು ಸೋಮಾರಿಯ ಮಾತಲ್ಲ. ಆತ ದೀರ್ಘ ಕಥನವನ್ನು ಪ್ರೀತಿಸಿಯೇ ಅಲ್ಲಿಯವರೆಗೆ ಬಂದವನು. ಮಹಾಕಾವ್ಯಗಳನ್ನು ಪಾಠ ಹೇಳುವುದೇ ವೃತ್ತಿಯಾಗಿರುವ ನಮಗೆ, ಬೃಹತ್ ಕಥನದಲ್ಲಿ ಓದುಗನ ತಾಳ್ಮೆ ಎಲ್ಲಿ ಉಳಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೀವಂತ ಸಾಕ್ಷ್ಯ ಬೇರೆ ದೊರೆಯಲಾರದು.

ಈ ಮಾಲಿಕೆಗಳ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಗತಿ ನಿಧಾನವೆಂಬುದು ಒಂದು; ಮಾಂತ್ರಿಕತೆ ತೃಪ್ತಿಕರವಾಗಿಲ್ಲವೆಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಇವು ಒಂದೇ ದೂರಿನ ಎರಡು ಮುಖಗಳು. ಮಾಂತ್ರಿಕತೆಯ ಮಿತಿಯನ್ನೂ ಬೆಲೆಯನ್ನೂ ಕಟ್ಟಿಕೊಡುವ ನಿಧಾನವನ್ನು ಓದುಗ ಸಹಿಸುತ್ತಾನೆ, ಅಷ್ಟೇ ಅಲ್ಲ, ಸವಿಯುತ್ತಾನೆ. ಮಾಂತ್ರಿಕತೆ ಬೆಲೆಯಿಲ್ಲದ ಸೌಕರ್ಯವಾಗಿ ಬಿಟ್ಟ ಮೇಲೆ ಬರುವ ನಿಧಾನವು ಅವನಿಗೆ ಬರಿಯ ಕಾಲಹರಣವಾಗಿ ಕಾಣಿಸುತ್ತದೆ.

ಮೊದಲಿಗೆ ‘ನಿಧಾನ’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿಕೊಳ್ಳಬೇಕು. ಫ್ರೆಂಚ್ ಕಥನಶಾಸ್ತ್ರಜ್ಞ ಜೆರಾರ್ ಜೆನೆತ್ 1972ರಲ್ಲಿ ಪ್ರಕಟವಾದ ತನ್ನ ವಿವೇಚನೆಯಲ್ಲಿ, ಕಥೆಯೊಳಗಿನ ಕಾಲಕ್ಕೂ ಅದನ್ನು ಹೇಳಲು ತೆಗೆದುಕೊಂಡ ಪುಟಗಳಿಗೂ ಇರುವ ಸಂಬಂಧವನ್ನು ನಾಲ್ಕು ಬಗೆಯಾಗಿ ಗುರುತಿಸಿದನು: ಘಟನೆಯಷ್ಟೇ ಕಾಲ ಹಿಡಿಯುವ ದೃಶ್ಯ, ವರ್ಷಗಳನ್ನು ಸಾಲುಗಳಲ್ಲಿ ಮುಗಿಸುವ ಸಂಕ್ಷೇಪ, ಕಾಲವನ್ನು ಹೇಳದೆ ಹಾರಿಸುವ ಲೋಪ, ಕಥೆ ನಿಂತು ವರ್ಣನೆ ನಡೆಯುವ ವಿರಾಮ. ಕಥನದ ಲಯ ಈ ನಾಲ್ಕರ ಏರಿಳಿತದಿಂದ ಹುಟ್ಟುತ್ತದೆ. ಟಾಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ನಿಧಾನವೆಂದು ದೂರುವವರು ಇಂದಿಗೂ ಇದ್ದಾರೆ. ಆದರೆ ಆ ಕೃತಿಯಲ್ಲಿ ಬಿಲ್ಬೋನ ಹುಟ್ಟುಹಬ್ಬದ ಔತಣಕ್ಕೂ ಫ್ರೋಡೋ ಮನೆಬಿಟ್ಟು ಹೊರಡುವುದಕ್ಕೂ ನಡುವೆ ಹದಿನೇಳು ವರ್ಷಗಳು ಕಳೆಯುತ್ತವೆ. ಅವನ್ನು ಟಾಲ್ಕಿನ್ ಕೆಲವೇ ಪುಟಗಳಲ್ಲಿ ದಾಟಿಸುತ್ತಾನೆ. ಅನಂತರ ಷೈರ್‌ನಿಂದ ರಿವೆಂಡೆಲ್‌ವರೆಗಿನ ಒಂದು ತಿಂಗಳಿಗೂ ಕಡಿಮೆ ಅವಧಿಯ ನಡಿಗೆಗೆ ಮೊದಲ ಕಾಂಡದ ಉಳಿದ ಭಾಗವನ್ನೆಲ್ಲ ಮೀಸಲಿಡುತ್ತಾನೆ. ಅಂದರೆ ಇಲ್ಲಿನ ನಿಧಾನ ಆಯ್ದುಕೊಂಡ ನಿಧಾನ. ಪುಟ್ಟ ಕಾಲುಗಳಿಗೆ ಲೋಕ ಎಷ್ಟು ದೊಡ್ಡದು ಎಂಬುದನ್ನು ಓದುಗನೂ ನಡೆದೇ ತಿಳಿಯಬೇಕು. ಉಂಗುರದ ಭಾರ ಹೊರುವವನಿಗೆ ಹೆಜ್ಜೆಹೆಜ್ಜೆಗೂ ಏರುವುದರಿಂದ, ದೂರವೇ ಇಲ್ಲಿ ಮಾಂತ್ರಿಕತೆಯ ಅಳತೆಗೋಲು. ಈ ಲೆಕ್ಕವನ್ನು ಟಾಲ್ಕಿನ್ ಎಷ್ಟು ನಂಬಿದ್ದನೆಂದರೆ, ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ, ಓದುಗರು ಕಂಡ ದೋಷಗಳಲ್ಲಿ ತಾನು ಒಪ್ಪುವಂಥದು ಒಂದಿದೆ, ಪುಸ್ತಕ ತೀರ ಚಿಕ್ಕದಾಯಿತೆಂಬುದು, ಎಂಬರ್ಥದ ಮಾತನ್ನು ಬರೆದನು. ಟಾಮ್ ಬೊಂಬಡಿಲ್‌ನ ಅಧ್ಯಾಯಗಳನ್ನು ಮಾತ್ರ ನಾನು ಈ ಸಮರ್ಥನೆಯ ಒಳಗೆ ಸೇರಿಸಲಾರೆ; 2001ರ ಚಲನಚಿತ್ರ ಅವನ್ನು ಪೂರ್ತಿ ಕೈಬಿಟ್ಟಾಗ ಕಥೆಗೆ ಹಾನಿಯೇನೂ ಆಗಲಿಲ್ಲ.

ಜೋರ್ಡನ್‌ನ ಮಾಲಿಕೆಯಲ್ಲಿ ಈ ಲೆಕ್ಕ ಎಲ್ಲಿ ತಪ್ಪಿತೆಂದು ನೋಡುವುದು ಬೋಧಪ್ರದವಾಗಿದೆ. 1990ರಿಂದ 1994ರವರೆಗಿನ ಐದು ವರ್ಷಗಳಲ್ಲಿ ಆರು ಸಂಪುಟಗಳು ಬಂದವು. ಅನಂತರ 1996, 1998, 2000, 2003, 2005 ಹೀಗೆ ಅಂತರ ಬೆಳೆಯಿತು. ಪುಸ್ತಕದ ಹೊರಗಿನ ಕಾಯುವಿಕೆ ಹೆಚ್ಚುತ್ತಾ ಹೋದಂತೆ ಒಳಗಿನ ಕಥೆಯ ನಡಿಗೆ ತಗ್ಗುತ್ತಾ ಹೋಯಿತು. ಪೆರಿನ್ ಎಂಬ ಪಾತ್ರದ ಹೆಂಡತಿ ಸೆರೆಯಾಗುತ್ತಾಳೆ, 2005ರ ಸಂಪುಟದಲ್ಲಷ್ಟೇ ಬಿಡುಗಡೆಯಾಗುತ್ತಾಳೆ. ಕಥೆಯೊಳಗೆ ಇದು ಕೆಲವು ತಿಂಗಳುಗಳ ಸೆರೆ. ಓದುಗನಿಗೆ ವರ್ಷಗಟ್ಟಲೆಯ ಸೆರೆ. ಓದುಗರಿಗೆ ಅತ್ಯಂತ ಪ್ರಿಯನಾದ ಮ್ಯಾಟ್ ಎಂಟನೆಯ ಸಂಪುಟದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಉಡುಪಿನ ಕಸೂತಿ, ಸ್ನಾನದ ಏರ್ಪಾಡು, ಜಡೆ ಜಗ್ಗುವ ಸಿಟ್ಟು ಇವು ಮೊದಲ ಸಂಪುಟಗಳಲ್ಲಿ ಲೋಕವನ್ನು ಕಟ್ಟುವ ವಿವರಗಳಾಗಿದ್ದವು. ಹತ್ತನೆಯ ಸಂಪುಟದ ಹೊತ್ತಿಗೆ ಅವೇ ಹಾಸ್ಯದ ವಸ್ತುಗಳಾದವು. ವಿವರ ಬದಲಾಗಿರಲಿಲ್ಲ, ಅದರ ಕೆಲಸ ಮುಗಿದಿತ್ತು.

ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಮೊದಲ ಸಂಪುಟದಲ್ಲಿ ಪಾತ್ರಗಳು ಕಾಲುನಡಿಗೆಯಲ್ಲಿ, ಕುದುರೆಯ ಮೇಲೆ, ದೋಣಿಯಲ್ಲಿ ಊರಿಂದೂರಿಗೆ ಓಡುತ್ತವೆ, ಕಥೆಯೂ ಓಡುತ್ತದೆ. ಐದು-ಆರನೆಯ ಸಂಪುಟಗಳ ವೇಳೆಗೆ ಮಂತ್ರಶಕ್ತಿಯುಳ್ಳವರು ಗಾಳಿಯಲ್ಲಿ ಬಾಗಿಲೊಂದನ್ನು ತೆರೆದು, ನೂರಾರು ಹರದಾರಿ ದೂರದ ಊರಿಗೆ ಒಂದೇ ಹೆಜ್ಜೆಯಲ್ಲಿ ಹೋಗಬಲ್ಲವರಾಗುತ್ತಾರೆ. ಪಾತ್ರಗಳ ಪ್ರಯಾಣ ಹೀಗೆ ಕ್ಷಣಮಾತ್ರದ್ದಾದ ಮೇಲೆಯೇ ಕಥೆ ನಿಧಾನವಾಯಿತೆಂಬುದು ಆಕಸ್ಮಿಕವಲ್ಲ. ದೂರವೆಂಬ ಸಹಜ ಅಡ್ಡಿ ಇಲ್ಲವಾದಾಗ ಕಥೆಗಾರ ಬೇರೆ ಅಡ್ಡಿಗಳನ್ನು ಉಂಟುಮಾಡಬೇಕಾಗುತ್ತದೆ: ಸಭೆಗಳು, ಒಳಜಗಳಗಳು, ತಿಳಿದುದನ್ನು ಪರಸ್ಪರ ಹೇಳದೆ ಉಳಿಸಿಕೊಳ್ಳುವ ಪಾತ್ರಗಳು, ಸೆರೆಗಳು, ಸಂಧಾನಗಳು. ನಿಸರ್ಗ ಒಡ್ಡುತ್ತಿದ್ದ ವಿಳಂಬವನ್ನು ಈಗ ಪಾತ್ರಗಳ ಮೊಂಡುತನ ಒಡ್ಡುತ್ತದೆ. ಓದುಗ ದೂರುವುದು ಇದನ್ನೇ. ಅವನು ಅದನ್ನು ‘ಗತಿ’ಯ ಸಮಸ್ಯೆ ಎನ್ನುತ್ತಾನೆ, ಅದರ ಬೇರು ಮಾಂತ್ರಿಕತೆಯಲ್ಲಿದೆ. ಮರಣದ ವಿಷಯದಲ್ಲೂ ಹೀಗೆಯೇ. ಮೊದಲ ಸಂಪುಟದಲ್ಲಿ ಸತ್ತ ಇಬ್ಬರು ಪ್ರತಿನಾಯಕರು ಆರನೆಯದರಲ್ಲಿ ಹೊಸ ದೇಹಗಳಲ್ಲಿ ಮರಳುತ್ತಾರೆ. ಗೆದ್ದ ಯುದ್ಧವನ್ನು ಮತ್ತೆ ಗೆಲ್ಲಬೇಕಾಗುತ್ತದೆ. ಮಾಲಿಕೆ ಉದ್ದವಾಗುತ್ತದೆ, ಗೆಲುವು ಹಗುರಾಗುತ್ತದೆ.

ಪಾಶ್ಚಾತ್ಯ ಕಥನಶಾಸ್ತ್ರ ಕಾಲದ ಅಳತೆಯನ್ನು ಕೊಟ್ಟಿತು. ಆದರೆ ಯಾವ ವಿಸ್ತಾರ ತಪ್ಪು, ಯಾವುದು ಸರಿ ಎಂಬ ಮೌಲ್ಯನಿರ್ಣಯಕ್ಕೆ ಅಲ್ಲಿ ಹೆಚ್ಚಿನ ನೆರವಿಲ್ಲ. ಆನಂದವರ್ಧನ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಪ್ರಬಂಧದೊಳಗೆ ರಸಕ್ಕೆ ವಿರೋಧಿಯಾಗುವ ಸಂಗತಿಗಳನ್ನು ಪಟ್ಟಿಮಾಡುತ್ತಾನೆ. ಪ್ರಸ್ತುತ ರಸಕ್ಕೆ ಹೇಗೋ ಸಂಬಂಧಿಸಿದ್ದೇ ಆದರೂ ಬೇರೊಂದು ವಸ್ತುವನ್ನು ಅತಿಯಾಗಿ ವಿಸ್ತರಿಸಿ ವರ್ಣಿಸುವುದು, ಅಕಾಲದಲ್ಲಿ ರಸವನ್ನು ಕಡಿದುಹಾಕುವುದು, ಅಕಾಲದಲ್ಲಿ ಅದನ್ನು ಪ್ರಕಟಿಸುವುದು, ಆಗಲೇ ಪರಿಪೋಷಣೆ ಹೊಂದಿದ ರಸವನ್ನು ಮತ್ತೆ ಮತ್ತೆ ಉದ್ದೀಪಿಸುವುದು ಇವು ಅವುಗಳಲ್ಲಿ ಮುಖ್ಯವಾದವು. ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ನ ಮೇಲೆ ಓದುಗರು ಹೊರಿಸಿದ ಆಪಾದನೆಗಳನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಬಹುದು. ಒಂಬತ್ತನೆಯ ಸಂಪುಟದ ತುದಿಯಲ್ಲಿ ಪರಾಕಾಷ್ಠೆ ಮುಟ್ಟಿದ ವಿಸ್ಮಯವನ್ನು ಅಲ್ಲಿಯೇ ಕಡಿದು, ಅನಂತರ ಅದೇ ವಿಸ್ಮಯವನ್ನು ಹಲವು ಪಾತ್ರಗಳ ಕಣ್ಣಿನಿಂದ ಮರಳಿ ಮರಳಿ ಕೆದಕಲಾಗಿದೆ. ‘ನಮ್ಮವರು ಎಲ್ಲವನ್ನೂ ಆಗಲೇ ಹೇಳಿಬಿಟ್ಟಿದ್ದಾರೆ’ ಎಂಬ ಸುಲಭ ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಹದಿನಾಲ್ಕು ಸಂಪುಟಗಳ, ನಲವತ್ತು ಲಕ್ಷ ಪದಗಳನ್ನು ಮೀರಿದ, ಇಪ್ಪತ್ತಮೂರು ವರ್ಷಗಳ ಕಾಲ ಕಂತುಕಂತಾಗಿ ಬಂದ ಗದ್ಯಕಥನವನ್ನು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಯಾರೂ ಊಹಿಸಿರಲಿಲ್ಲ. ಆದರೆ ಉದ್ದವು ದೋಷವಲ್ಲ, ಅಕಾಲದ ಉದ್ದ ದೋಷ ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ. ಇಂದಿನ ಓದುಗನ ಅಸ್ಪಷ್ಟ ಸಿಟ್ಟಿಗೆ ಅದು ಪರಿಭಾಷೆಯನ್ನು ಒದಗಿಸುತ್ತದೆ.

ಮಾಂತ್ರಿಕತೆಯ ಪ್ರಶ್ನೆಗೂ ಅದೇ ಉದ್ಯೋತದಲ್ಲಿ ಒಂದು ಎಳೆ ಇದೆ. ಕೇವಲ ಮನುಷ್ಯನಾದ ರಾಜನು ಏಳು ಸಮುದ್ರಗಳನ್ನು ಹಾರಿದನೆಂದು ವರ್ಣಿಸಿದರೆ, ಆ ವರ್ಣನೆ ಎಷ್ಟೇ ಸೊಗಸಾಗಿದ್ದರೂ ನೀರಸವೇ ಆಗುತ್ತದೆ ಎಂದು ಆನಂದವರ್ಧನ ಹೇಳುತ್ತಾನೆ. ದೇವತೆಗಳಿಗೆ ಅದೇ ಉಚಿತ. ಕವಿಯೇ ಕಲ್ಪಿಸಿದ ಕಥಾವಸ್ತುವಿನಲ್ಲಿ ಎಡವುವ ಅಪಾಯ ಹೆಚ್ಚೆಂದೂ ಎಚ್ಚರಿಸುತ್ತಾನೆ. ಅಭಿನವಗುಪ್ತ ರಸವಿಘ್ನಗಳನ್ನು ಎಣಿಸುವಾಗ ಮೊದಲು ಹೇಳುವುದೇ ಸಂಭಾವನೆಯ ಅಭಾವವನ್ನು. ಓದುಗನ ಮನಸ್ಸು ‘ಇದು ಸಾಧ್ಯ’ ಎಂದು ಒಪ್ಪದಿದ್ದರೆ ಮುಂದಿನದೇನೂ ನಡೆಯದು. ಅದಕ್ಕಾಗಿಯೇ ಲೋಕೋತ್ತರ ಕಾರ್ಯಗಳಿಗೆ ಪ್ರಸಿದ್ಧ ನಾಯಕರು ಬೇಕು.

ಪ್ರಖ್ಯಾತ ವಸ್ತು ಮತ್ತು ಉತ್ಪಾದ್ಯ ವಸ್ತು ಎಂಬ ಈ ಭೇದ ಫ್ಯಾಂಟಸಿಯ ಚರ್ಚೆಗೆ ತುಂಬ ಉಪಯುಕ್ತವೆಂದು ನನಗೆ ತೋರುತ್ತದೆ. ಕುಮಾರವ್ಯಾಸನನ್ನು ಕೇಳಲು ಕುಳಿತವನಿಗೆ ಕರ್ಣನ ಶಕ್ತ್ಯಾಯುಧ ಒಮ್ಮೆ ಮಾತ್ರ ಕೆಲಸಕ್ಕೆ ಬರುತ್ತದೆಂಬುದು ಗೊತ್ತು. ಅದು ಅರ್ಜುನನಿಗಾಗಿ ಮೀಸಲಾದದ್ದು, ಘಟೋತ್ಕಚನ ಮೇಲೆ ವ್ಯಯವಾಗಲಿದೆ ಎಂಬುದೂ ಗೊತ್ತು. ಅಸ್ತ್ರದ ಮಿತಿ, ಬೆಲೆ, ಪರಿಣಾಮ ಎಲ್ಲವೂ ಸಮುದಾಯದ ನೆನಪಿನಲ್ಲಿ ಮೊದಲೇ ನೆಲೆಗೊಂಡಿವೆ. ಆದುದರಿಂದ ಕವಿ ಎಷ್ಟು ಹೊತ್ತು ನಿಂತರೂ ಕೇಳುಗ ಚಡಪಡಿಸುವುದಿಲ್ಲ. ಗಮಕಿ ಒಂದೇ ಷಟ್ಪದಿಯ ಮೇಲೆ ಎಷ್ಟು ತಂಗಿದರೂ ಯಾರೂ ‘ಮುಂದೇನು’ ಎಂದು ಎದ್ದು ಕೇಳುವುದಿಲ್ಲ. ಫ್ಯಾಂಟಸಿಯ ಲೇಖಕನಿಗೆ ಈ ಅನುಕೂಲವಿಲ್ಲ. ಅವನ ಭೂಪಟ, ದೇವರುಗಳು, ಶಕ್ತಿಗಳು ಎಲ್ಲ ಉತ್ಪಾದ್ಯ. ಅವನ ಓದುಗನಿಗೆ ಅಂತ್ಯ ಗೊತ್ತಿಲ್ಲ, ನಿಯಮವೂ ಗೊತ್ತಿಲ್ಲ; ಎರಡನ್ನೂ ಪುಟಗಳಿಂದಲೇ ಕಲಿಯಬೇಕು. ಕಲಿಸುವುದಕ್ಕೆ ಹಿಡಿಯುವ ಕಾಲವೇ ಈ ಪ್ರಕಾರದ ನ್ಯಾಯವಾದ ನಿಧಾನ. ಕಲಿಸಿದ ನಿಯಮವನ್ನು ಲೇಖಕನೇ ಅಗತ್ಯ ಬಿದ್ದಾಗ ಮುರಿದರೆ ಓದುಗ ಕಳೆದ ಆ ಕಾಲವೆಲ್ಲ ವ್ಯರ್ಥವಾಯಿತೆಂದು ಅವನಿಗೆ ಅನ್ನಿಸುತ್ತದೆ. ಟಾಲ್ಕಿನ್‌ನ ಹದ್ದುಗಳ ಬಗ್ಗೆ ಓದುಗರು ಇಂದಿಗೂ ಕೇಳುವ ಪ್ರಶ್ನೆ, ಅವು ಫ್ರೋಡೋನನ್ನು ಮೊದಲೇ ಏಕೆ ಹೊತ್ತೊಯ್ಯಲಿಲ್ಲವೆಂಬುದು, ಮೇಲ್ನೋಟಕ್ಕೆ ಬಾಲಿಶವಾಗಿ ಕಂಡರೂ ಈ ನ್ಯಾಯದ ಪ್ರಶ್ನೆಯೇ ಆಗಿದೆ: ನಡೆದು ಸವೆಸಿದ ದಾರಿಯನ್ನು ಹಾರಿ ದಾಟಬಹುದಾಗಿದ್ದರೆ ನಮ್ಮನ್ನು ಏಕೆ ನಡೆಸಿದಿರಿ?

ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಆ ಮಾಲಿಕೆಯನ್ನು ಮುಗಿಸಿದ ಬ್ರ್ಯಾಂಡನ್ ಸ್ಯಾಂಡರ್‌ಸನ್ ಈ ಅರಿವನ್ನು ಸೂತ್ರವಾಗಿ ಹೇಳಿದ್ದಾನೆ. ಅದೇ 2007ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮಾಂತ್ರಿಕತೆಯಿಂದ ಕಥೆಯ ಬಿಕ್ಕಟ್ಟನ್ನು ಬಿಡಿಸುವ ಲೇಖಕನ ಹಕ್ಕು, ಓದುಗನಿಗೆ ಆ ಮಾಂತ್ರಿಕತೆ ಎಷ್ಟು ಅರ್ಥವಾಗಿದೆ ಎಂಬುದನ್ನು ಅವಲಂಬಿಸಿದೆ ಎಂಬರ್ಥದ ನಿಯಮವನ್ನು ಮಂಡಿಸಿದ. ಅವನ ‘ಮಿಸ್ಟ್‌ಬಾರ್ನ್’ (2006) ಕಾದಂಬರಿಯಲ್ಲಿ ಲೋಹಗಳನ್ನು ನುಂಗಿ ಒಡಲಲ್ಲಿ ಉರಿಸಿದವರಿಗೆ ಶಕ್ತಿ ಬರುತ್ತದೆ. ಯಾವ ಲೋಹಕ್ಕೆ ಯಾವ ಶಕ್ತಿ, ಲೋಹ ತೀರಿದರೆ ಏನಾಗುತ್ತದೆ ಎಲ್ಲವೂ ನಿಯತವಾಗಿವೆ. ಓದುಗ ಪಾತ್ರದೊಡನೆ ತಾನೂ ಲೆಕ್ಕಹಾಕಬಲ್ಲ. ಮೊದಲ ದೂರಿಗೆ ಇದು ಪರಿಹಾರ. ಆದರೆ ಇಲ್ಲಿಂದ ಎರಡನೆಯ ದೂರು ಹುಟ್ಟಿತು: ಮಾಂತ್ರಿಕತೆ ಈಗ ಯಂತ್ರದ ಕೈಪಿಡಿಯಂತಾಯಿತು, ವಿಸ್ಮಯ ಎಲ್ಲಿ ಹೋಯಿತು? ಅದ್ಭುತರಸದ ಸ್ಥಾಯಿ ವಿಸ್ಮಯ. ಪೂರ್ತಿ ತಿಳಿದುದರಲ್ಲಿ ವಿಸ್ಮಯಕ್ಕೆ ಜಾಗವಿಲ್ಲ. ಸ್ಯಾಂಡರ್‌ಸನ್ ಇದನ್ನು ಕೃತಿಯ ತುದಿಯಲ್ಲಿ ಸರಿದೂಗಿಸಲು ಯತ್ನಿಸುತ್ತಾನೆ: ಬಿಡಿಬಿಡಿಯಾಗಿ ಕಲಿಸಿದ ನಿಯಮಗಳು ಕೊನೆಯ ನೂರಿನ್ನೂರು ಪುಟಗಳಲ್ಲಿ ಅನಿರೀಕ್ಷಿತವಾಗಿ ಒಂದುಗೂಡುತ್ತವೆ. ನಾಟಕದ ನಿರ್ವಹಣಸಂಧಿಯಲ್ಲಿ ಅದ್ಭುತವಿರಬೇಕೆಂಬ ನಮ್ಮ ನಾಟ್ಯಶಾಸ್ತ್ರಕಾರರ ವಿಧಿ ಇಲ್ಲಿ ನೆನಪಾಗುತ್ತದೆ. ಆದರೆ ಆ ತುದಿಗಾಗಿ ಸಾವಿರ ಪುಟ ಹತ್ತಬೇಕು. 2010ರಲ್ಲಿ ಆರಂಭವಾದ ಅವನ ‘ಸ್ಟಾರ್ಮ್‌ಲೈಟ್’ ಮಾಲಿಕೆಯ ಐದನೆಯ ಸಂಪುಟ 2024ರ ಡಿಸೆಂಬರಿನಲ್ಲಿ ಬಂದಿದೆ; ಪ್ರತಿಯೊಂದೂ ಸಾವಿರ ಪುಟಗಳನ್ನು ಮೀರಿದ್ದು. ನಿಯಮವನ್ನು ವಿವರಿಸುವುದಕ್ಕೇ ಪುಟಗಳು ಹೋದರೆ ಅದೂ ಒಂದು ಬಗೆಯ ಅಕಾಲ ವಿಸ್ತಾರವೇ.

ಇವರಿಬ್ಬರಿಗಿಂತಲೂ ಮೊದಲು, 1968ರಲ್ಲಿ, ಉರ್ಸುಲಾ ಲೆ ಗ್ವಿನ್ ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯಲ್ಲಿ ಮೂರನೆಯ ದಾರಿಯೊಂದನ್ನು ತೋರಿದ್ದಳು. ಅದು ಇನ್ನೂರು ಪುಟಗಳ ಆಸುಪಾಸಿನ ಕೃತಿ. ಅಲ್ಲಿ ವಸ್ತುವಿನ ನಿಜನಾಮ ತಿಳಿದವನಿಗೆ ಅದರ ಮೇಲೆ ಅಧಿಕಾರ. ಆದರೆ ಪ್ರತಿ ಪ್ರಯೋಗವೂ ಲೋಕದ ಸಮತೋಲವನ್ನು ಅಲುಗಿಸುತ್ತದೆ. ಗೆಡ್ ಎಂಬ ತರುಣ ಗರ್ವದಿಂದ ಒಂದು ಕರಾಳ ನೆರಳನ್ನು ಕರೆತಂದು, ಉಳಿದ ಕಾದಂಬರಿಯುದ್ದಕ್ಕೂ ಅದರಿಂದ ಓಡುತ್ತಾನೆ, ಕೊನೆಗೆ ಅದನ್ನೇ ಬೆನ್ನಟ್ಟುತ್ತಾನೆ. ನಿಯಮವನ್ನು ಪಟ್ಟಿ ಮಾಡಿ ಹೇಳಿಲ್ಲ, ಆದರೂ ಬೆಲೆ ಓದುಗನಿಗೆ ತಿಳಿದಿದೆ. ಗುಟ್ಟು ಉಳಿದಿದೆ, ಮೋಸವಿಲ್ಲ. ಮಂತ್ರವಿದ್ಯೆಯನ್ನು ಬಳಸದೆ ಇರುವುದನ್ನೇ ವಿದ್ಯೆಯ ಪರಿಪಾಕವೆಂದು ಕಾಣುವ ಗುರು ಒಗಿಯನ್‌ನ ಪಾತ್ರ, ಸಾವಿರ ಪುಟಗಳ ಯುದ್ಧವರ್ಣನೆಗಿಂತ ಹೆಚ್ಚಿನ ಭಯಭಕ್ತಿಯನ್ನು ಹುಟ್ಟಿಸುತ್ತದೆ. ಈ ಪ್ರಕಾರದಲ್ಲಿ ಒಂದೇ ಕೃತಿಯನ್ನು ನಮ್ಮ ತೌಲನಿಕ ಅಧ್ಯಯನದ ಪಠ್ಯವಾಗಿ ಆರಿಸಬೇಕಾದರೆ ನಾನು ಇದನ್ನೇ ಆರಿಸುವೆ.

ವೇಗವೇ ಪರಿಹಾರವೆಂದು ತಿಳಿಯುವವರಿಗೆ ಜಾರ್ಜ್ ಆರ್. ಆರ್. ಮಾರ್ಟಿನ್‌ನ ಮಾಲಿಕೆಯ ಕಥೆ ಉತ್ತರ ಕೊಡುತ್ತದೆ. 1996ರಲ್ಲಿ ಆರಂಭವಾದ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ನ ಮೊದಲ ಮೂರು ಸಂಪುಟಗಳು 2000ದ ಹೊತ್ತಿಗೆ ಬಂದವು. ನಾಲ್ಕನೆಯದು ಕೈಮೀರಿ ಬೆಳೆದಾಗ ಅವನು ಅದನ್ನು ಕಾಲಾನುಕ್ರಮದಲ್ಲಿ ಒಡೆಯದೆ ಪಾತ್ರ-ಪ್ರದೇಶಗಳ ಪ್ರಕಾರ ಒಡೆದ. ಅರ್ಧ ಪಾತ್ರಗಳು 2005ರ ಸಂಪುಟದಲ್ಲಿ, ಉಳಿದ ಬಹುಪಾಲು 2011ರದರಲ್ಲಿ ಬಂದವು. ಮಾಂತ್ರಿಕತೆ ಇಲ್ಲಿ ವಿರಳ, ಅದಕ್ಕೆ ಬೆಲೆ ಉಂಟು: ಬೆರಿಕ್ ಎಂಬ ಯೋಧ ಪ್ರತಿ ಬಾರಿ ಸತ್ತು ಬದುಕಿದಾಗಲೂ ತನ್ನ ನೆನಪುಗಳನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತಾನೆ. ಈ ಕೃತಿ ದೂರದರ್ಶನ ಧಾರಾವಾಹಿಯಾಗಿ 2011ರಿಂದ 2019ರವರೆಗೆ ಪ್ರಸಾರವಾಯಿತು. ಪುಸ್ತಕಗಳ ಆಧಾರ ಮುಗಿದ ಮೇಲೆ, ಮುಖ್ಯವಾಗಿ 2017ರ ಏಳನೆಯ ಆವೃತ್ತಿಯಲ್ಲಿ, ಮೊದಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣಗಳು ಒಂದು ಕಂತಿನೊಳಗೇ ಮುಗಿಯತೊಡಗಿದವು. ಆಗ ಅದೇ ಅಭಿಮಾನಿಗಳು ದೂರಿದರು, ಆದರೆ ಈ ಸಲ ಗತಿ ಅತಿಯಾಯಿತೆಂದು. ನಿಧಾನವನ್ನು ಬೈದವರೇ ನಿಧಾನಕ್ಕಾಗಿ ಹಂಬಲಿಸಿದರೆಂದು ನಗಬೇಕಾಗಿಲ್ಲ. ಎರಡೂ ಸಲ ಅವರು ಕೇಳಿದ್ದು ದೂರಕ್ಕೆ ಅದರ ಬೆಲೆ ಸಲ್ಲಲಿ ಎಂಬುದನ್ನು.

ಲೇಖಕನ ಪರವಾಗಿ ಹೇಳಬಹುದಾದ ಮಾತುಗಳಿವೆ. ಲೇಖಕ ಓದುಗನ ಆಳಲ್ಲ ಎಂಬ ವಾದವನ್ನು, ಮಾರ್ಟಿನ್‌ನ ಮುಂದಿನ ಸಂಪುಟಕ್ಕಾಗಿ ಗದ್ದಲವೆದ್ದಿದ್ದ 2009ರಲ್ಲಿ, ಬ್ರಿಟಿಷ್ ಲೇಖಕ ನೀಲ್ ಗೈಮನ್ ಗಟ್ಟಿಯಾಗಿ ಮಂಡಿಸಿದ್ದ. ಒಂದು ಪುಸ್ತಕ ಕೊಂಡವನಿಗೆ ಆ ಪುಸ್ತಕ ದೊರೆತಿದೆ, ಮುಂದಿನದಕ್ಕೆ ಹಕ್ಕಿಲ್ಲ ಎಂಬುದು ಅದರ ಸಾರ. ಮಾರುಕಟ್ಟೆಯ ದೃಷ್ಟಿಯಿಂದ ಈ ಮಾತು ಸರಿ. ಆದರೆ ಹಾನ್ಸ್ ರಾಬರ್ಟ್ ಯಾಸ್ ‘ನಿರೀಕ್ಷೆಯ ದಿಗಂತ’ವೆಂದು ಕರೆದದ್ದು ಕೊಳ್ಳುವ-ಮಾರುವ ಸಂಬಂಧವಲ್ಲ. ‘ಮೊದಲ ಸಂಪುಟ’ ಎಂದು ಮುಖಪುಟದಲ್ಲಿ ಅಚ್ಚಾದ ಮರುಕ್ಷಣವೇ ಒಂದು ದಿಗಂತ ತೆರೆದುಕೊಂಡಿರುತ್ತದೆ. ಅದನ್ನು ತೆರೆದವನು ಲೇಖಕನೇ. ಪ್ರಕಾಶಕರ ಪಾತ್ರವನ್ನೂ ಇಲ್ಲಿ ಮರೆಯುವಂತಿಲ್ಲ. ಟಾಲ್ಕಿನ್ ಒಂದೇ ಕೃತಿಯಾಗಿ ಬರೆದುದನ್ನು ಮೂರಾಗಿ ಸೀಳಿದ್ದು ಯುದ್ಧೋತ್ತರ ಇಂಗ್ಲೆಂಡಿನ ಅಚ್ಚಿನ ವೆಚ್ಚ. ಆ ಆಕಸ್ಮಿಕವೇ ಮುಂದೆ ಪ್ರಕಾರದ ಲಕ್ಷಣವಾಯಿತು. 1977ರಲ್ಲಿ ಟೆರಿ ಬ್ರೂಕ್ಸ್‌ನ ‘ದಿ ಸ್ವೋರ್ಡ್ ಆಫ್ ಶನಾರಾ’ ಕಂಡ ಮಾರಾಟದ ಯಶಸ್ಸಿನ ನಂತರ ದಪ್ಪ ಸಂಪುಟ, ಉದ್ದ ಮಾಲಿಕೆ ಎಂಬುದು ವ್ಯಾಪಾರದ ಅಚ್ಚಾಗಿ ನಿಂತಿತು. ಮಾರಾಟವಾಗುತ್ತಿರುವ ಮಾಲಿಕೆಯನ್ನು ಮುಗಿಸೆಂದು ಹೇಳುವವರು ಯಾರು?

ಮುಗಿಯದೆ ಉಳಿದುದನ್ನು ಇನ್ನೊಬ್ಬ ಮುಗಿಸುವುದು ನಮಗೆ ಹೊಸತಲ್ಲ. ಬಾಣನ ಕಾದಂಬರಿಯನ್ನು ಅವನ ಮಗ ಪೂರೈಸಿದ. ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹೇಳಿ ಬಿಟ್ಟ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಮುಂದುವರಿಸಿದ. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಸ್ಯಾಂಡರ್‌ಸನ್ 2009, 2010 ಮತ್ತು 2013ರಲ್ಲಿ ಮೂರು ಸಂಪುಟಗಳನ್ನು ತಂದಾಗ ಗತಿ ಹೆಚ್ಚಿತೆಂದು ಓದುಗರು ಸಂತೋಷಪಟ್ಟರು. ಮ್ಯಾಟ್‌ನ ಮಾತಿನ ಧಾಟಿ ಕೆಟ್ಟಿತೆಂದು ಅವರಲ್ಲೇ ಅನೇಕರು ಬೇಸರಿಸಿದರು. ಘಟನೆಗಳು ದೊರೆತವು, ಧ್ವನಿ ಹೋಯಿತು. ಬೇಗ ಮುಗಿಸುವುದೊಂದೇ ಅವರಿಗೆ ಬೇಕಾಗಿದ್ದರೆ ಈ ಬೇಸರಕ್ಕೆ ಕಾರಣವಿರಲಿಲ್ಲ.

ಈ ಚರ್ಚೆ ನಮ್ಮ ತರಗತಿಗಳಿಗೆ ಸಂಬಂಧಿಸುವುದು ಇಲ್ಲಿಯೇ. ಹಳಗನ್ನಡ ಕಾವ್ಯಗಳ ಅಷ್ಟಾದಶವರ್ಣನೆಗಳ ಬಗ್ಗೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡುವ ದೂರು, ಜೋರ್ಡನ್‌ನ ಓದುಗರ ದೂರಿಗಿಂತ ಭಿನ್ನವಲ್ಲ. ನೇಮಿಚಂದ್ರನ ಲೀಲಾವತಿಯಲ್ಲಿ ಕಥೆ ಅತ್ಯಲ್ಪ, ವರ್ಣನೆ ಅಪಾರ ಎಂದು ನಮ್ಮ ಸಾಹಿತ್ಯಚರಿತ್ರೆಗಳೇ ಒಪ್ಪಿವೆ. ಆದರೂ ವಿದ್ಯಾರ್ಥಿ ಅದನ್ನೇ ಹೇಳಿದರೆ ಅವನಿಗೆ ಅಭಿರುಚಿ ಇಲ್ಲವೆನ್ನುತ್ತೇವೆ. ಇನ್ನೊಂದೆಡೆ ಸಂಗ್ರಹ ಆವೃತ್ತಿಗಳನ್ನು ಪಠ್ಯವಾಗಿಟ್ಟು, ವರ್ಣನೆಗಳನ್ನು ನಾವೇ ಕತ್ತರಿಸಿ ಕೊಡುತ್ತೇವೆ. ಯಾವುದನ್ನು ಏಕೆ ಕತ್ತರಿಸಿದೆವು ಎಂದು ಹೇಳುವ ಸಂಗ್ರಹಕಾರರು ವಿರಳ. ಕಥೆ ಹಿರಿದಾದರೂ ಅದರ ಶರೀರ ಕೆಡದಂತೆ ಸಮಸ್ತ ಭಾರತವನ್ನು ಹೇಳುವ ಹೊಣೆ ತನ್ನ ಮೇಲೆ ಬಂದಿತೆಂದು ಪಂಪ ಕಾವ್ಯಾರಂಭದಲ್ಲಿಯೇ ತಿಳಿಸುತ್ತಾನೆ. ಗತಿಯ ಪ್ರಶ್ನೆ ಅವನಿಗೆ ಕವಿಯ ಪ್ರಶ್ನೆಯಾಗಿತ್ತು, ಓದುಗನ ದೌರ್ಬಲ್ಯವಾಗಿರಲಿಲ್ಲ. ‘ವಿಕ್ರಮಾರ್ಜುನ ವಿಜಯ’ದ ಬನವಾಸಿಯ ವರ್ಣನೆಯನ್ನು ತೆಗೆದರೆ ಅರ್ಜುನನ ಪಾತ್ರಕ್ಕೆ ಏನು ನಷ್ಟವಾಗುತ್ತದೆ, ಲೀಲಾವತಿಯ ಒಂದು ಚಂದ್ರೋದಯವನ್ನು ತೆಗೆದರೆ ಏನು ನಷ್ಟವಾಗುವುದಿಲ್ಲ ಎಂಬುದನ್ನು ಪದ್ಯಪದ್ಯವಾಗಿ ಹೋಲಿಸಿ ನೋಡುವ ಕೆಲಸ ನಮ್ಮ ವಿಭಾಗಗಳಲ್ಲಿ ಆಗಬೇಕಾಗಿದೆ. ಪ್ರಶ್ನೆಪತ್ರಿಕೆಗಳಲ್ಲಿ ‘ವರ್ಣನಾವೈಭವವನ್ನು ವಿವರಿಸಿ’ ಎಂದು ಕೇಳುವ ಕಡೆ, ಈ ಎರಡು ಪ್ರಶ್ನೆಗಳನ್ನೇ ಕೇಳಬಹುದು.